ತುಳಜವ್ವನ ಬೋರ್ಡು

ನಮ್ಮ ಊರಿನ ಸಂತೆಮಾಳದ ಹಿಂದೆ ನಾಲ್ಕು ಎಕರೆಯ ಒಂದು ಬಯಲಿದೆ. ಅಲ್ಲಿ ಒಂದು ದಿನ ಬೀಳುವ ಬಿಸಿಲು ಬೇರೆ ಊರಿನ ಒಂದು ವರ್ಷದ ಬಿಸಿಲಿಗೆ ಸಮ. ಮನುಷ್ಯರಿಗೆ, ದನಕರುಗಳಿಗೆ, ಗಿಡಮರಗಳಿಗೆ ಅದರಿಂದ ಏನೂ ಆಗುವುದಿಲ್ಲ. ಬಣ್ಣಕ್ಕೆ, ಬಟ್ಟೆಗೆ, ಪ್ಲಾಸ್ಟಿಕ್ಕಿಗೆ ಮಾತ್ರ ಆಗುತ್ತದೆ. ಯಾಕೆ ಹೀಗೆ ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ನಿಮ್ಮ ಊರಿನ ಬಾವಿಯ ನೀರು ಯಾಕೆ ಸಪ್ಪೆ ಎಂದು ನೀವು ಎಂದಾದರೂ ಕೇಳಿಕೊಂಡಿದ್ದೀರಾ? ನಾವೂ ಹಾಗೆಯೇ.

ಬಸ್ ನಿಲ್ದಾಣಕ್ಕೆ ಒಳದಾರಿ ಆ ಬಯಲಿನಲ್ಲೇ ಹಾದುಹೋಗುತ್ತದೆ. ಅದಕ್ಕೆಂದೇ ನಮ್ಮ ಊರಿನ ಪ್ರತಿ ಹೆಂಗಸಿನ ಹತ್ತಿರವೂ ಬಣ್ಣ ಬಿಟ್ಟ ಒಂದು ಸೀರೆ ಇರುತ್ತದೆ. ಗೊತ್ತಿಲ್ಲದ ಒಂದು ದಿಬ್ಬಣದವರು ಒಮ್ಮೆ ಆ ದಾರಿ ಹಿಡಿದು, ಬೇವಿನ ಕಟ್ಟೆಯ ಬಿಸಿಲ ಮಗ್ಗುಲಿಗೆ ಕೂತು ಬುತ್ತಿ ಬಿಚ್ಚಿ ಉಂಡು, ಹರಟುತ್ತ ಹಗಲೆಲ್ಲ ಕಳೆದು ಮಂಟಪ ಸೇರಿದರು. ವರನ ಜರಿ ರುಮಾಲು ಅವನ ಅಜ್ಜನದ್ದಿರಬೇಕು, ಬಡವರು ಪಾಪ, ಎಂದು ಹೆಣ್ಣಿನ ಕಡೆಯವರು ಮರುಗಿದರಂತೆ. ಪ್ಲಾಸ್ಟಿಕ್ ಕೊಡ ಮಾರುವವನು ನಮ್ಮಲ್ಲಿಗೆ ಬಂದರೆ ಹೆಂಗಸರು ಮೊದಲು ಒಂದು ಕೊಡ ಎತ್ತಿಕೊಂಡು ಹೋಗಿ ಬಯಲಲ್ಲಿಟ್ಟು ಬರುತ್ತಾರೆ. ಸಂಜೆಗೆ ಅದನ್ನು ಮೊಣಕಾಲಿಗೆ ಬಡಿದು ನೋಡುತ್ತಾರೆ. ಚೂರಾದರೆ ಆ ಮಾರುವವನು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ.

ದೂರದ ಕಾರ್ಖಾನೆಗಳಿಂದಲೂ ಲಾರಿಗಳು ಬರುತ್ತವೆ. ಕುರ್ಚಿ, ಪೈಪು, ನೀರಿನ ಟಾಕಿ, ಬಣ್ಣ ಬಳಿದ ತಗಡು, ಎಲ್ಲವನ್ನೂ ತೆಂಕಣಕ್ಕೆ ಮುಖ ಮಾಡಿದ ಓರೆ ಚೌಕಟ್ಟುಗಳ ಮೇಲೆ ಸಾಲಾಗಿ ಕಟ್ಟುತ್ತಾರೆ. ಬಯಲಿನ ಉಸ್ತುವಾರಿ ಗದಿಗೆಪ್ಪ ಮಾಸ್ತರರದ್ದು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಬಿಸಿಲೊಂದೇ ಸಾಲದು, ಮಳೆ ಮಂಜು ಎಲ್ಲವೂ ತಾಗಬೇಕು ಎಂದು ದಿನಕ್ಕೆರಡು ಸಲ ಝಾರಿಯಿಂದ ನೀರು ಚಿಮುಕಿಸುತ್ತಾರೆ. ಪ್ಲಾಸ್ಟಿಕ್ಕನ್ನು ಬಗ್ಗಿಸಿ ನೋಡುತ್ತಾರೆ. ಬಣ್ಣವನ್ನು ಕರಿ ಬಟ್ಟೆಯಿಂದ ಒರೆಸುತ್ತಾರೆ. ಬಟ್ಟೆಗೆ ಸುಣ್ಣದಂಥ ಪುಡಿ ಹತ್ತಿದರೆ "ಹಿಟ್ಟು ಬಂತು" ಎನ್ನುತ್ತಾರೆ. ಅವರು ಹಿಟ್ಟು ಬಂತು ಎಂದ ಮೇಲೆ ಆ ಬಣ್ಣವನ್ನು ಯಾರೂ ಮುಟ್ಟುವುದಿಲ್ಲ.

ಇಂಥ ಊರಿನಲ್ಲಿ ನಾನು ಬೋರ್ಡು ಬರೆಯುವ ಪೇಂಟರ್. ಹೆಸರು ಪುಂಡಲೀಕ. ಮೂವತ್ತೈದು ವರ್ಷದ ಅನುಭವ. ಅಂಗಡಿ, ಶಾಲೆ, ಸೊಸೈಟಿ, ಎಲ್ಲ ಕಡೆ ನನ್ನದೇ ಅಕ್ಷರ. ನಾನು ಬರೆದ ಒತ್ತಕ್ಷರವನ್ನು ನೋಡಲೆಂದೇ ಜನ ಹೆಚ್ಚಿನ ಎರಡು ಹೆಜ್ಜೆ ನಡೆಯುತ್ತಾರೆ ಎಂದು ನಂಬಿದ್ದವನು. ನನ್ನ ಬೋರ್ಡು ಒಂದನ್ನೂ ನಾನು ಬಯಲಿಗೆ ಒಯ್ದಿರಲಿಲ್ಲ. ಬಣ್ಣ ನಾಲ್ಕು ವರ್ಷಕ್ಕೆ ಮಾಸುತ್ತದೆ, ಮಾಸಿದರೆ ಅವರೇ ಮತ್ತೆ ಕರೆಯುತ್ತಾರೆ. ಮಾಸದ ಬಣ್ಣ ಬಳಿದರೆ ಪೇಂಟರ್ ಏನು ಮಾಡಬೇಕು, ಭಜನೆ ಮಾಡಬೇಕೇ?

ಆ ವರ್ಷ ನಮ್ಮ ಊರಿಗೆ ಹೊಸ ಹೆರಿಗೆ ಆಸ್ಪತ್ರೆ ಬಂತು. ಅದಕ್ಕೆ ತುಳಜವ್ವನ ಹೆಸರಿಡುವುದೆಂದು ಊರೇ ಸೇರಿ ತೀರ್ಮಾನಿಸಿತು. ತುಳಜವ್ವ ಸೂಲಗಿತ್ತಿ. ಆಗ ಅವಳಿಗೆ ಎಂಬತ್ತೆಂಟು. ನನ್ನನ್ನು, ನನ್ನ ಹೆಂಡತಿ ಅಂಬಕ್ಕನನ್ನು, ನಮ್ಮ ಇಬ್ಬರು ಹೆಣ್ಣುಮಕ್ಕಳನ್ನು, ಗದಿಗೆಪ್ಪ ಮಾಸ್ತರರನ್ನು, ಹೀಗೆ ಅರ್ಧ ಊರನ್ನು ಈ ಲೋಕಕ್ಕೆ ಎಳೆದು ತಂದವಳು. ಬದುಕಿರುವವರ ಹೆಸರಿಡುವುದು ಸರಿಯೇ ಎಂದು ಯಾರೋ ಅನುಮಾನ ಎತ್ತಿದಾಗ, "ಹಂಗಾರ ಹೇಳ್ರಿ, ನಾಳೆ ಸಾಯ್ತೀನಿ," ಎಂದು ಎದ್ದೇ ನಿಂತಳು. ಅನುಮಾನ ಅಲ್ಲಿಗೆ ಮುಗಿಯಿತು.

ಬೋರ್ಡಿನ ಬಗ್ಗೆ ಅವಳದು ಎರಡು ಷರತ್ತು. ಬಣ್ಣ ಕೆಂಪಿರಬೇಕು. "ಹುಟ್ಟೋದು ಕೆಂಪಿನಾಗ," ಎಂದಳು. ಎರಡನೆಯದು, ಮೂವತ್ತು ವರ್ಷ ಮಾಸಬಾರದು. "ಹೋದ ತಿಂಗಳ ನನ್ನ ಕೈಯಾಗ ಹುಟ್ಟಿದ ಕೂಸು ದೊಡ್ಡಾಕಿ ಆಗಿ, ಹಡಿಯಾಕ ಬಂದಾಗ ನನ್ನ ಹೆಸರ ಓದಬೇಕು."

ಮೂವತ್ತು ವರ್ಷ ಎಂದರೆ ಬಯಲಿನಲ್ಲಿ ಮೂವತ್ತು ದಿನ. ಬರೆಯುವ ಇಚ್ಛೆ ಇದ್ದವರು ಒಂದು ಮಾದರಿ ಬೋರ್ಡು ತಂದು ಕಟ್ಟಬೇಕು, ಉಳಿದದ್ದೇ ಗೆದ್ದಂತೆ ಎಂದು ಗದಿಗೆಪ್ಪ ಮಾಸ್ತರರು ಸಾರಿದರು. ಊರಿನಲ್ಲಿ ಪೇಂಟರ್ ನಾನೊಬ್ಬನೇ, ಯಾರು ಬಂದಾರು ಎಂದುಕೊಂಡೆ. ಮರುದಿನ ಬೋರ್ಡು ಹೊತ್ತುಕೊಂಡು ಹೋದಾಗ ಅಲ್ಲಿ ಆಗಲೇ ಇನ್ನೊಂದು ಬೋರ್ಡು ಕಟ್ಟಿತ್ತು. ಪಕ್ಕದಲ್ಲಿ ಜರೀನಾ ನಿಂತಿದ್ದಳು.

ಜರೀನಾ ನನ್ನ ಹತ್ತಿರ ನಾಲ್ಕು ವರ್ಷ ಕೆಲಸ ಕಲಿತವಳು. ಬಿಟ್ಟುಹೋಗಿ ಆರು ವರ್ಷವಾಗಿತ್ತು. ಗ್ಯಾರೇಜಿನ ಪಕ್ಕ ಶೆಡ್ಡು ಹಾಕಿ ಟ್ರ್ಯಾಕ್ಟರು, ಟೆಂಪೋಗಳಿಗೆ ಸ್ಪ್ರೇ ಗನ್ನಿನಿಂದ ಬಣ್ಣ ಹೊಡೆಯುತ್ತಿದ್ದಳು. ಈ ಆರು ವರ್ಷ ನಾವು ಒಂದೇ ಓಣಿಯಲ್ಲಿ ಎದುರಾದರೂ ಮಾತಾಡಿದ್ದಿಲ್ಲ. ಅವಳು ಯಾಕೆ ಬಿಟ್ಟುಹೋದಳು ಎಂದು ಕೇಳಿದವರಿಗೆ ನಾನು, "ಬ್ರಷ್ ಹಿಡಿಯೋ ಸಹನೆ ಇಲ್ಲ ಆಕಿಗೆ," ಎನ್ನುತ್ತಿದ್ದೆ. ಅದು ನಿಜವಲ್ಲ. ನಿಜ ಏನೆಂದು ಮುಂದೆ ಹೇಳುತ್ತೇನೆ.

ಅವಳ ಬೋರ್ಡಿನ ಕೆಂಪು ಹೊಸ ಟ್ರ್ಯಾಕ್ಟರಿನಂತೆ ಹೊಳೆಯುತ್ತಿತ್ತು. ಮೇಲೆ ಗಾಜಿನಂಥ ಪಾರದರ್ಶಕ ಲೇಪ ಹೊಡೆದಿದ್ದಳು. ಅಕ್ಷರ ಮಾತ್ರ ದೇವರಿಗೇ ಪ್ರೀತಿ. ನನ್ನದು ಅಚ್ಚ ಕೆಂಪಿನ ಮೇಲೆ ಬಿಳಿ ಅಕ್ಷರ, 'ತುಳಜವ್ವ ಹೆರಿಗೆ ಆಸ್ಪತ್ರೆ'. ಜನ ನಿಂತು ನೋಡಿದರು. ಮಾಸ್ತರರು ಎರಡೂ ಬೋರ್ಡಿನ ಒಂದು ಅಂಚಿಗೆ ತಗಡಿನ ಪಟ್ಟಿ ಮುಚ್ಚಿ ಕಟ್ಟಿದರು. ಆ ಭಾಗಕ್ಕೆ ಬಿಸಿಲು ತಾಗುವುದಿಲ್ಲ. ಕೊನೆಗೆ ಪಟ್ಟಿ ತೆಗೆದರೆ ಮೊದಲು ಹೇಗಿತ್ತು, ಈಗ ಹೇಗಿದೆ ಎಂಬುದು ಪಕ್ಕಪಕ್ಕದಲ್ಲೇ ಕಾಣುತ್ತದೆ.

"ಮಾಲಕರು ಬಂದು ನೋಡಬಹುದು. ಮುಟ್ಟಂಗಿಲ್ಲ," ಎಂದರು ಮಾಸ್ತರರು.

ನಾಲ್ಕನೇ ದಿನಕ್ಕೆ ನನ್ನ ಕೆಂಪು ಸ್ವಲ್ಪ ಸೋತಂತೆ ಕಂಡಿತು. ಕಣ್ಣಿನ ದೋಷ ಎಂದುಕೊಂಡೆ. ಆರನೇ ದಿನಕ್ಕೆ ಅದು ತೊಳೆದ ಈರುಳ್ಳಿಯ ಬಣ್ಣಕ್ಕೆ ಬಂದಿತ್ತು. ಏಳನೇ ದಿನ ಮಾಸ್ತರರು ಕರಿ ಬಟ್ಟೆಯಿಂದ ಒರೆಸಿ, ಏನೂ ಹೇಳದೆ, ಬಟ್ಟೆಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡರು. ಅವರು ಮಾತಾಡಿದ್ದರೇ ಚೆನ್ನಾಗಿತ್ತು. ಜರೀನಾಳ ಬೋರ್ಡು ಕನ್ನಡಿಯ ಹಾಗೆ ಫಳಫಳ ಎನ್ನುತ್ತಿತ್ತು. ನನಗೆ ಊಟ ಸೇರಲಿಲ್ಲ. ಮಾಸುವುದು ಬಿಸಿಲಿನ ತಪ್ಪಲ್ಲ, ನನ್ನ ಬಣ್ಣದ್ದೇ ತಪ್ಪು ಎಂದು ಊರಿಗೇ ಗೊತ್ತಾದರೆ, ಈ ಮೂವತ್ತೈದು ವರ್ಷ ನಾನು ಬಳಿದದ್ದು ಏನು ಎಂದು ಜನ ಕೇಳುವುದಿಲ್ಲವೇ?

ಎಂಟನೇ ದಿನ ಮಧ್ಯಾಹ್ನ ನಾನು ಛತ್ರಿ ಹಿಡಿದು ಬಯಲಿಗೆ ಹೋದೆ. ಆಡುಗಳು ಬೋರ್ಡಿಗೆ ಕೊಂಬು ತಿಕ್ಕುತ್ತವೆ, ಕಾಯಬೇಕು, ಎಂದು ಮಾಸ್ತರರಿಗೆ ಹೇಳಿದೆ. ಬೋರ್ಡಿನ ಮುಂದೆ ಒಂದು ಕಲ್ಲಿತ್ತು. ಅದರ ಮೇಲೆ ನಿಂತೆ. ಚಳಿಗಾಲ, ಸೂರ್ಯ ತೆಂಕಣಕ್ಕೆ ವಾಲಿದ್ದ. ನನ್ನ ನೆರಳು, ಛತ್ರಿಯ ನೆರಳು ಎರಡೂ ಸರಿಯಾಗಿ ಬೋರ್ಡಿನ ಮೇಲೆ ಬಿದ್ದವು. ನಾನು ಮುಟ್ಟಲಿಲ್ಲ. ಮುಟ್ಟಬಾರದು ಎಂದಿದ್ದರೇ ಹೊರತು ನಿಲ್ಲಬಾರದು ಎಂದಿರಲಿಲ್ಲವಲ್ಲ. ಹೀಗೆ ದಿನಾ ಬಿಸಿಲೇರಿದ ಮೇಲೆ ಹೋಗಿ ಎರಡು ತಾಸು ಅದೇ ಕಲ್ಲಿನ ಮೇಲೆ ನಿಂತೆ. ಐದು ದಿನ ಕಳೆಯುವಷ್ಟರಲ್ಲಿ ನನ್ನ ಕರಿ ಛತ್ರಿ ಬೂದಿ ಬಣ್ಣಕ್ಕೆ ತಿರುಗಿ ಬಟ್ಟೆ ಸೀಳಿತು. ಅಂಬಕ್ಕನ ಛತ್ರಿ ಒಯ್ದೆ.

"ಆಡ ಕಾಯಾಕ ಛತ್ರಿ ಯಾಕ್ರೀ?" ಎಂದು ಅವಳು ಕೇಳಿದಳು.

"ತಲಿಗೆ ಬಿಸಿಲ ಹತ್ತತೈತಿ."

"ಇಷ್ಟ ವರ್ಷ ಹತ್ತಲಾರದ ಬಿಸಿಲ!" ಎಂದು ಅವಳು ನನ್ನ ಮುಖವನ್ನೇ ನೋಡಿದಳು. ನಾನು ಚಪ್ಪಲಿ ಹುಡುಕುವವನಂತೆ ಬಗ್ಗಿದೆ.

ಹದಿನೈದನೇ ದಿನ ಅರ್ಧ ಪರೀಕ್ಷೆ. ತುಳಜವ್ವ ಎತ್ತಿನ ಗಾಡಿಯಲ್ಲಿ ಬಂದಳು. ಊರೂ ಅವಳ ಹಿಂದೆ ಬಂತು. ಮಾಸ್ತರರು ಎರಡೂ ಬೋರ್ಡನ್ನು ಚೌಕಟ್ಟಿನಿಂದ ಬಿಚ್ಚಿ, ಬೇವಿನ ಮರದ ನೆರಳಿನಲ್ಲಿ ಒರಗಿಸಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದರು. ದಿನಾ ಹತ್ತಿರದಿಂದ ನೋಡುತ್ತಿದ್ದ ನನಗೆ ಅದು ಕಂಡಿರಲಿಲ್ಲ. ದೂರದಿಂದ ಎಲ್ಲರಿಗೂ ಒಮ್ಮೆಲೇ ಕಂಡಿತು.

ಸುಣ್ಣದಂತೆ ಬಿಳಿಚಿದ ಬೋರ್ಡಿನ ನಡುವೆ, ಇನ್ನೂ ಉಳಿದಿದ್ದ ಈರುಳ್ಳಿ ಬಣ್ಣದಲ್ಲಿ, ಒಬ್ಬ ಮನುಷ್ಯ ನಿಂತಿದ್ದ. ಅಂಚು ಸ್ವಲ್ಪ ಕಲಸಿದ್ದರೂ ಗುರುತು ತಪ್ಪುವಂತಿರಲಿಲ್ಲ. ಮೇಲೆ ಛತ್ರಿ. ಕೆಳಗೆ ಗುಂಡನೆಯ ತಲೆ. ಅದರ ಕೆಳಗೆ, 'ಹೆರಿಗೆ' ಎಂಬ ಅಕ್ಷರಗಳ ಸುತ್ತ, ಒಂದು ದೊಡ್ಡ ಹೊಟ್ಟೆ.

ತುಳಜವ್ವ ಗಾಡಿಯಿಂದ ಇಳಿದು, ಕಣ್ಣಿನ ಮೇಲೆ ಕೈ ಮರೆ ಮಾಡಿಕೊಂಡು, ಬೋರ್ಡಿನ ಹತ್ತಿರ ಹೋಗಿ ಆ ಹೊಟ್ಟೆಯನ್ನು ಬಲು ಹೊತ್ತು ಪರೀಕ್ಷಿಸಿದಳು.

"ಎಂಟ ತಿಂಗಳಾ ತುಂಬ್ಯಾವ," ಎಂದಳು. "ಅವಳಿ ಇದ್ದರೂ ಇರಬಹುದು. ಯಾರವ್ವಾ ಈಕಿ?"

ಬಯಲಿನಲ್ಲಿ ಎದ್ದ ನಗು ಸಂತೆಮಾಳದವರೆಗೆ ಕೇಳಿಸಿತಂತೆ. ಗಾಡಿಯ ಎತ್ತು ಬೆದರಿ ಎರಡು ಹೆಜ್ಜೆ ಓಡಿತು. ಮಾಸ್ತರರು ನಗಲಿಲ್ಲ. "ಪುಂಡಲೀಕಪ್ಪ, ನಿಮ್ಮ ಬೋರ್ಡ ರದ್ದು," ಎಂದಷ್ಟೇ ಹೇಳಿದರು. ನಾನು ಅಂಬಕ್ಕನ ಕಡೆ ನೋಡಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಭುಜ ಕುಣಿಸುತ್ತಿದ್ದಳು. ಗುಂಪಿನಲ್ಲಿ ನಗದೆ ನಿಂತಿದ್ದವಳು ಜರೀನಾ ಒಬ್ಬಳೇ. ಅವಳು ನಕ್ಕಿದ್ದರೆ ನಾನು ಸಿಟ್ಟು ಮಾಡಿಕೊಂಡು ಹಗುರಾಗುತ್ತಿದ್ದೆ. ಅವಳು ತಲೆ ತಗ್ಗಿಸಿದ್ದಳು.

ಆಮೇಲೆ ಒಂದು ವಾರ ನಾನು ಮನೆ ಬಿಟ್ಟು ಹೊರಗೆ ಬೀಳಲಿಲ್ಲ. ಬಿದ್ದರೆ ಜನ "ಎಷ್ಟ ತಿಂಗಳಾದ್ವು?" ಎಂದು ಕೇಳುತ್ತಿದ್ದರು. ಇಪ್ಪತ್ಮೂರನೇ ದಿನ ಅಂಬಕ್ಕ ನೀರಿನ ಸರದಿಯಿಂದ ಓಡಿ ಬಂದಳು.

"ಜರೀನಾನ ಬೋರ್ಡ ಸುಲದ ಹೋತಂತ!"

ನನಗೆ ಸಂತೋಷವಾಯಿತು. ಇದನ್ನು ಮುಚ್ಚಿಟ್ಟರೆ ಈ ಕಥೆ ಹೇಳುವುದರಲ್ಲಿ ಅರ್ಥವಿಲ್ಲ. ಅಂಗಿ ಸಿಕ್ಕಿಸಿಕೊಂಡು, ಕಣ್ಣಾರೆ ನೋಡಲು ಬಯಲಿಗೆ ಹೋದೆ. ಅವಳ ಗಾಜಿನಂಥ ಲೇಪ ಈರುಳ್ಳಿ ಸಿಪ್ಪೆಯಂತೆ ಎದ್ದು, ಅಕ್ಷರಗಳನ್ನೂ ಕಿತ್ತುಕೊಂಡು ಗಾಳಿಗೆ ಪಟಪಟ ಬಡಿಯುತ್ತಿತ್ತು. ಜರೀನಾ ಬೇವಿನ ಕಟ್ಟೆಯ ಮೇಲೆ ಕೂತಿದ್ದಳು. ಅವಳು ಅತ್ತದ್ದು ಕೆನ್ನೆಯ ಮೇಲಿನ ಬಣ್ಣದ ಧೂಳಿನಲ್ಲಿ ಗೆರೆಯಾಗಿ ಕಾಣುತ್ತಿತ್ತು. ನನ್ನ ಸಂತೋಷ ಅಲ್ಲಿಗೇ ಸತ್ತಿತು. ತಿರುಗಿ ಹೋಗಬೇಕೆಂದವನು ಹೋಗಲಾರದೆ ಕಟ್ಟೆಯ ಇನ್ನೊಂದು ತುದಿಗೆ ಕೂತೆ.

"ನಗ್ರಿ ಉಸ್ತಾದ್," ಎಂದಳು ಅವಳು. "ನಗಾಕ ಬಂದೀರಿ, ಹೌದಿಲ್ಲೋ?"

"ಬಂದಿದ್ದೆ," ಎಂದೆ. "ಆಗವಲ್ಲದು."

ಈಗ ಆ ಹಳೆಯ ನಿಜ ಹೇಳುತ್ತೇನೆ. ಆರು ವರ್ಷದ ಹಿಂದೆ ಅವಳು ತನ್ನ ಮೊದಲ ಬೋರ್ಡನ್ನು ಸ್ವಂತ ಕೈಯಿಂದ ಬರೆದು ನನಗೆ ತೋರಿಸಲು ತಂದಳು. ಅಂಗಡಿಯಲ್ಲಿ ಏಳೆಂಟು ಜನ ಗಿರಾಕಿಗಳಿದ್ದರು. ನಾನು ಬೋರ್ಡನ್ನು ಎತ್ತಿ ಹಿಡಿದು, "ಇವು ಅಕ್ಷರ ಅಲ್ಲ, ಸತ್ತ ಜಿರಳಿ," ಎಂದೆ. ಎಲ್ಲರೂ ನಕ್ಕರು. ನಗಿಸಿದೆನಲ್ಲ ಎಂದು ನನಗೆ ಹೆಮ್ಮೆಯಾಗಿತ್ತು. ಮರುದಿನದಿಂದ ಅವಳು ಬರಲಿಲ್ಲ.

"ಜರೀನಾ," ಎಂದೆ. "ಅವತ್ತ ಎಂಟ ಮಂದಿ ಮುಂದ ನಿನ್ನ ನಗಸಾಟ್ಲೆ ಮಾಡಿದೆ. ಮೊನ್ನೆ ಊರೆಲ್ಲ ನನ್ನ ನಗಸಾಟ್ಲೆ ಮಾಡ್ತು. ಹೆಂಗ ಆಗತೈತಿ ಅಂತ ಈಗ ಗೊತ್ತಾತು. ತಪ್ಪ ಆತವ್ವಾ."

ಅವಳು ಕಟ್ಟೆಯ ಗೋಡೆಯನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಆ ಉಗುರನ್ನೇ ಕಣ್ಣಿನ ಹತ್ತಿರ ತಂದು ನೋಡಿದಳು.

"ಉಸ್ತಾದ್, ಈ ಕಟ್ಟಿಗೆ ಬಣ್ಣ ಯಾವಾಗ ಬಳದಾರ?"

"ಯಾರಿಗೆ ಗೊತ್ತು? ನಮ್ಮಜ್ಜನ ಕಾಲದಾಗೂ ಹಿಂಗ ಇತ್ತಂತ."

ಹೇಳಿ ಮುಗಿಸುವ ಮೊದಲೇ ಕಟ್ಟೆಯಿಂದ ಎದ್ದು ನಿಂತೆ. ನಮ್ಮಜ್ಜನ ಕಾಲ! ಅಂದರೆ ಈ ಬಯಲಿನ ಲೆಕ್ಕದಲ್ಲಿ ಎಷ್ಟು ಸಾವಿರ ವರ್ಷ? ಮರದ ನೆರಳಿಲ್ಲದ ಪಡುವಣ ಮಗ್ಗುಲಿಗೆ ಇಬ್ಬರೂ ಓಡಿದೆವು. ಅಲ್ಲಿಯೂ ಕಟ್ಟೆ ಕೆಂಪಗೇ ಇತ್ತು. ಹೊಳಪಿಲ್ಲ, ಚೆಲುವಿಲ್ಲ, ಆದರೆ ಕೆಂಪು. ಕಾವಿ. ಬರೀ ಕೆಮ್ಮಣ್ಣು. ಹೊಸಿಲಿಗೆ, ಒಲೆಕಟ್ಟೆಗೆ ಬಳಿಯುವ ಬಣ್ಣ ಎಂದು ನಾನು ಜನ್ಮದಲ್ಲಿ ಬ್ರಷ್ಷಿಗೆ ಸೋಕಿಸದ ಬಣ್ಣ. ದಿನಾ ನಾವು ಕೂತು ಎದ್ದು ಹೋಗುತ್ತಿದ್ದದ್ದು ಅದರ ಮೇಲೆಯೇ.

"ಮಣ್ಣಿಗೆ ಬಿಸಿಲ ಏನ ಮಾಡತೈತ್ರಿ," ಎಂದಳು ಜರೀನಾ. "ಅದು ಹುಟ್ಟಿದಾಗಿಂದ ಬಿಸಿಲ ಕುಡದ ಕೂತೈತಿ."

ಇಬ್ಬರೂ ಸೇರಿ ಒಂದು ಬೋರ್ಡು ಕಟ್ಟುತ್ತೇವೆ ಎಂದಾಗ ಮಾಸ್ತರರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಛತ್ರಿ?" ಎಂದರು. "ಹರದ ಹೋಗ್ಯಾವ್ರೀ ಎರಡೂ," ಎಂದೆ. ಒಪ್ಪಿದರು.

ಕೆಲಸ ಜರೀನಾಳ ಶೆಡ್ಡಿನಲ್ಲಿ ನಡೆಯಿತು. ಅವಳು ಕಾವಿಯನ್ನು ಏಳು ಸಲ ಬಟ್ಟೆಯಲ್ಲಿ ಜರಡಿ ಹಿಡಿದು, ಕುದಿಸಿದ ಅಗಸೆ ಎಣ್ಣೆಯಲ್ಲಿ ಅರೆದಳು. ತಗಡನ್ನು ನಾಲ್ಕು ಸಲ ಉಜ್ಜಿ, ಒಂದೊಂದು ಪದರವೂ ಪೂರ್ತಿ ಒಣಗುವವರೆಗೆ ಕೈಕಟ್ಟಿ ಕೂತಳು. ನನಗೆ ಒಣಗಲು ಬಿಡುವ ಅಭ್ಯಾಸವೇ ಇರಲಿಲ್ಲ. "ಸಾಕಲ್ಲ?" ಎಂದು ನಾನು ಕೇಳಿದಾಗಲೆಲ್ಲ "ಇನ್ನೊಂದ್ರೀ," ಎನ್ನುತ್ತಿದ್ದಳು. ಅಕ್ಷರ ನಾನು ಬರೆದೆ, ಸತುವಿನ ಬಿಳಿಯಲ್ಲಿ. ಅವಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಒತ್ತಕ್ಷರ ಎಳೆಯುವಾಗ ಮಣಿಕಟ್ಟು ಎಲ್ಲಿ ತಿರುಗುತ್ತದೆ ಎಂದು ಅವಳಿಗೆ ಹೇಳಿಕೊಟ್ಟೆ. ನಾಲ್ಕು ವರ್ಷದಲ್ಲಿ ಒಮ್ಮೆಯೂ ಹೇಳಿಕೊಟ್ಟಿರಲಿಲ್ಲ ಎಂಬುದು ಆಗ ನೆನಪಾಯಿತು.

ಮತ್ತೆ ಮೂವತ್ತು ದಿನ. ಹತ್ತನೇ ದಿನ ಬಣ್ಣಕ್ಕೆ ಏನೂ ಆಗಲಿಲ್ಲ. ಹದಿನೈದಕ್ಕೂ ಆಗಲಿಲ್ಲ. ಆದರೆ ಹತ್ತೊಂಬತ್ತನೇ ದಿನ ತುಳಜವ್ವ ಜ್ವರದಿಂದ ಮಲಗಿದಳು. ಇಪ್ಪತ್ತೊಂದನೇ ದಿನ ಗಂಜಿಯನ್ನೂ ಬೇಡ ಎಂದಳು. ಊರಿಗೆ ಊರೇ ಅವಳ ಅಂಗಳದಲ್ಲಿ ಕೂತಿತ್ತು. ನಾನು ಮಾಸ್ತರರ ಹತ್ತಿರ ಹೋಗಿ ಕೈ ಮುಗಿದೆ.

"ಇಪ್ಪತ್ತೊಂದ ವರ್ಷ ತಡದೈತ್ರೀ. ಪಾಸ್ ಅಂತ ಬರದಬಿಡ್ರಿ. ಮುದುಕಿ ನೋಡಿ ಕಣ್ಣ ಮುಚ್ಚಲಿ."

ಮಾಸ್ತರರು ಕನ್ನಡಕ ತೆಗೆದು ಒರೆಸಿದರು. "ನನಗೂ ಆಕಿ ತಾಯಿ ಇದ್ದಂಗರಿ," ಎಂದರು. "ಆದರ ಆಕಿನ್ನ ಕೇಳದ ನಾ ಒಂದ ದಿನಾನೂ ಬಿಡಂಗಿಲ್ಲ."

ಇಬ್ಬರೂ ಹೋಗಿ ಕೇಳಿದೆವು. ಜರೀನಾ ಅವಳ ಕಾಲು ಒತ್ತುತ್ತ ಕೂತಿದ್ದಳು. ತುಳಜವ್ವ ಕಣ್ಣು ತೆರೆಯದೆಯೇ ಎಲ್ಲವನ್ನೂ ಕೇಳಿಸಿಕೊಂಡಳು.

"ಏನಲೇ ಗದಿಗ್ಯಾ," ಎಂದಳು. "ನೀ ಹುಟ್ಟೋ ಮುಂದ ನಿಮ್ಮವ್ವ ಎರಡ ದಿನಾ ಬ್ಯಾನಿ ತಿಂದ್ಲು. 'ಸಾಕಾತು ತುಳಜಾ, ಹೆಂಗರ ಮಾಡಿ ಎಳದಬಿಡು' ಅಂದ್ಲು. ನಾ ಎಳದ್ನೇನು? ಎಳದಿದ್ರ ನಿನ್ನ ಕುತ್ತಿಗಿ ಮುರೀತಿತ್ತು. ದಿನಾ ತುಂಬಲಿ. ಅಲ್ಲೀತನಕ ನಾ ಎಲ್ಲಿ ಹೋಗಂಗಿಲ್ಲ." ಆಮೇಲೆ ಒಂದು ಕಣ್ಣು ತೆರೆದು ನನ್ನ ಕಡೆ ನೋಡಿ, "ನಿನಗ ಎಷ್ಟ ತುಂಬಿದ್ವಪ್ಪಾ?" ಎಂದಳು. ಅಂಗಳದಲ್ಲಿ ಎರಡು ದಿನದಿಂದ ಅಳುತ್ತಿದ್ದವರು ನಕ್ಕರು. ನಾನೂ ನಕ್ಕೆ. ಮೊದಲ ಸಲ ಆ ಮಾತು ನನಗೆ ಚುಚ್ಚಲಿಲ್ಲ.

ಅಂದು ಸಂಜೆ ಅವಳು ಅರ್ಧ ಬಟ್ಟಲು ಗಂಜಿ ಕುಡಿದಳು. ಇಪ್ಪತ್ತಾರನೇ ದಿನ ಎದ್ದು ಕೂತು, ಗಂಜಿಗೆ ಉಪ್ಪಿಲ್ಲ ಎಂದು ಸೊಸೆಯನ್ನು ಬೈದಳು. ಬೈದ ಸುದ್ದಿ ಕೇಳಿ ಊರಿನಲ್ಲಿ ಸಕ್ಕರೆ ಹಂಚಿದರು.

ಮೂವತ್ತನೇ ದಿನ ಅವಳನ್ನು ಹೊರಸಿನ ಸಮೇತ ನಾಲ್ಕು ಜನ ಹೊತ್ತು ಬಯಲಿಗೆ ತಂದರು. ಮಾಸ್ತರರು ಹೊಸ ಕರಿ ಬಟ್ಟೆ ತೆಗೆದು, ಬೋರ್ಡನ್ನು ಈ ಅಂಚಿನಿಂದ ಆ ಅಂಚಿನವರೆಗೆ ಒತ್ತಿ ಒರೆಸಿದರು. ಬಟ್ಟೆಯನ್ನು ಬಿಸಿಲಿಗೆ ಹಿಡಿದರು. ಜರೀನಾ ನನ್ನ ತೋಳನ್ನು ಹಿಡಿದುಕೊಂಡಿದ್ದು ಆಮೇಲೆ ನಾಲ್ಕು ಉಗುರಿನ ಗುರುತು ಕಂಡಾಗಲೇ ನನಗೆ ಗೊತ್ತಾದದ್ದು. ಮಾಸ್ತರರು ತಗಡಿನ ಪಟ್ಟಿ ಬಿಚ್ಚಿದರು. ಮುಚ್ಚಿದ್ದ ಕೆಂಪಿಗೂ ತೆರೆದಿದ್ದ ಕೆಂಪಿಗೂ ನಡುವಿನ ಗೆರೆಯನ್ನು ಹುಡುಕಬೇಕಾಯಿತು.

"ಹೊಳಪು ಸ್ವಲ್ಪ ಇಳದದ," ಎಂದರು. "ಹಿಟ್ಟಿಲ್ಲ. ಐದಕ್ಕ ನಾಕು. ಪಾಸ್."

ತುಳಜವ್ವ ಹೊರಸಿನ ಮೇಲಿಂದಲೇ ಬೋರ್ಡನ್ನು ದಿಟ್ಟಿಸಿದಳು. "ಇದು ಖರೇ ಕೆಂಪು," ಎಂದಳು. "ಮೊದಲಿಂದು ಪೆಪ್ಪರಮೆಂಟ ಇದ್ದಂಗಿತ್ತು."

ಬೋರ್ಡು ಏರಿದ ವಾರ ಆ ಆಸ್ಪತ್ರೆಯಲ್ಲಿ ಮೊದಲ ಕೂಸು ಹುಟ್ಟಿತು, ಹೆಣ್ಣು. ತುಳಜವ್ವ ಒಳಗೆ ಕುರ್ಚಿ ಹಾಕಿಸಿಕೊಂಡು ಕೂತು, ಹೊಸ ಡಾಕ್ಟರಮ್ಮನಿಗೆ ಸಲಹೆ ಕೊಟ್ಟೂ ಕೊಟ್ಟೂ ಸಾಕು ಮಾಡಿದಳಂತೆ. ಈಗ ಅವಳಿಗೆ ತೊಂಬತ್ತೊಂದು.

ಆಮೇಲೆ ಊರಿನವರೆಲ್ಲ ಕಾವಿಯ ಬೋರ್ಡೇ ಬೇಕು ಎಂದು ಕೂತರು. ಮೂವತ್ತು ವರ್ಷ ಮಾಸದ ಬೋರ್ಡು ಬರೆದರೆ ಗಿರಾಕಿ ಮತ್ತೆ ಬರುವುದು ಯಾವ ಕಾಲಕ್ಕೆ ಎಂದು ಒಂದು ರಾತ್ರಿ ಯೋಚಿಸಿ, ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ ಜರೀನಾಳ ಶೆಡ್ಡಿಗೆ ಹೋದೆ. ಅವಳು ಶಾಲೆಯ ಬೋರ್ಡಿನ ತಗಡು ಮುಂದಿಟ್ಟುಕೊಂಡು ಚಹಾ ಕುಡಿಯುತ್ತಿದ್ದಳು.

"ಅಕ್ಷರ ಬರಿಯಾಕ ಯಾರರ ಬೇಕೇನು?" ಎಂದೆ.

ಅವಳು ಚಹಾ ಮುಗಿಸಿ, ಬಸಿ ಕೆಳಗಿಟ್ಟು, ಮೂಲೆಯಿಂದ ಉಜ್ಜುವ ಕಾಗದ ತಂದು ನನ್ನ ಕೈಯಲ್ಲಿಟ್ಟಳು.

"ಅಕ್ಷರ ಆಮ್ಯಾಲ ನೋಡೂಣ್ರಿ ಉಸ್ತಾದ್," ಎಂದಳು. "ಮೊದಲ ಇದನ್ನ ನಾಕ ಸಲ ತಿಕ್ರಿ."

ಅಂಗಿಯ ತೋಳು ಮಡಚಿ ನೆಲಕ್ಕೆ ಕೂತು ತಿಕ್ಕಿದೆ. ಮೂರು ಸಲಕ್ಕೇ ಸಾಕೆನ್ನಿಸಿ ಮೆಲ್ಲಗೆ ತಲೆ ಎತ್ತಿದೆ. ಅವಳು ನನ್ನ ಕಡೆ ನೋಡುತ್ತಲೂ ಇರಲಿಲ್ಲ, ಎಣ್ಣೆ ಅಳೆಯುತ್ತಿದ್ದಳು. ಕಾಗದ ಮಗುಚಿ ನಾಲ್ಕನೆಯದನ್ನೂ ತಿಕ್ಕಿದೆ.